ಮೆಕ್ಯಾನಿಕ್‌ಗೆ ಲೈಸೆನ್ಸ್ ಇದೆಯಾ ಅಂತ ಕೇಳಿದವರಿಗೆ

ಹಾಸನದ ಒಬ್ಬರು ಕೇಳಿದ ಪ್ರಶ್ನೆ ಇದು: "ಕ್ಲಚ್ ಕೆಲಸ 6,000 ಆಗುತ್ತೆ ಅಂತ ಬಾಯಲ್ಲಿ ಹೇಳಿದ್ದರು. ಈಗ 19,000 ಕೇಳುತ್ತಿದ್ದಾರೆ. ದುಡ್ಡು ಕೊಡದೆ ಕೀ ಕೊಡಲ್ಲ ಅಂತಾರೆ. ಮೆಕ್ಯಾನಿಕ್‌ಗೆ ಲೈಸೆನ್ಸ್ ಇದೆಯಾ ಅಂತ ಎಲ್ಲಿ ನೋಡೋದು? ಮುಂದಿನ ತಿಂಗಳು ಮನೆ ವೈರಿಂಗ್ ಬೇರೆ ಶುರು. ಅನುಭವ ಇದ್ದವರು ಹೇಳಿ."

ತಂಗಿ, ನೋಡುವುದಕ್ಕೆ ಅಂಥ ಲೈಸೆನ್ಸೇ ನಮ್ಮಲ್ಲಿ ಇಲ್ಲ. ಕಾರು ರಿಪೇರಿ ಮಾಡುವವರಿಗೆ ಪರವಾನಗಿ ಇರಲೇಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಗ್ಯಾರೇಜ್ ಗೋಡೆ ಮೇಲೆ ಫ್ರೇಮ್ ಹಾಕಿ ನೇತು ಹಾಕಿರುತ್ತಾರಲ್ಲ, ಅದು ನಗರಸಭೆ ಕೊಡುವ ಉದ್ದಿಮೆ ಪರವಾನಗಿ. ಆ ಜಾಗದಲ್ಲಿ ಗ್ಯಾರೇಜ್ ನಡೆಸಬಹುದು ಅನ್ನುವುದಕ್ಕಷ್ಟೇ ಅದು. ಒಳಗಿರುವವರಿಗೆ ಬ್ರೇಕ್ ಬಿಚ್ಚಿ ಸರಿಯಾಗಿ ಕೂರಿಸಲು ಬರುತ್ತದಾ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಅಂತ 2 ವರ್ಷದ ಕೋರ್ಸ್ ಇದೆ. ಡೀಸೆಲ್ ಮೆಕ್ಯಾನಿಕ್‌ದು 1 ವರ್ಷ. ಓದಿದವರು ಸರ್ಟಿಫಿಕೇಟ್ ತೋರಿಸುತ್ತಾರೆ. ಓದದವರೂ ಪಕ್ಕದಲ್ಲೇ ಗ್ಯಾರೇಜ್ ಇಡಬಹುದು.

ನನಗೆ ಆದದ್ದು ಹೇಳುತ್ತೇನೆ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿ 4,800 ಕೊಟ್ಟೆ. ಕೊಟ್ಟ ಚೀಟಿಯಲ್ಲಿ 'ಬ್ರೇಕ್ ಕೆಲಸ' ಅಂತ ಬರೆದಿತ್ತು, ಅಂಗಡಿ ಹೆಸರು ಕೂಡ ಇರಲಿಲ್ಲ. ತಿಂಗಳು ತುಂಬುವುದರೊಳಗೆ ಚಾಮುಂಡಿ ಬೆಟ್ಟ ಇಳಿಯುವಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಒಂದನೇ ಗೇರಿನಲ್ಲೇ ಮೆಲ್ಲಗೆ ಇಳಿಸಿದೆ. ಕೆಳಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚಿ ಪ್ಯಾಡ್ ತೆಗೆದು ನನ್ನ ಕೈಗಿಟ್ಟರು. ಪೂರ್ತಿ ಸವೆದು ಹಿಂದಿನ ತಗಡು ಫಳಫಳ ಹೊಳೆಯುತ್ತಿತ್ತು. ಅಂಚಿನಲ್ಲಿ ತುಕ್ಕು ಪದರ ಪದರವಾಗಿ ಕೂತಿತ್ತು. ಡಿಸ್ಕ್ ಮೇಲೆ ಬೆರಳಾಡಿಸಿದೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. "ಇದು ಒಂದು ತಿಂಗಳ ಪ್ಯಾಡ್ ಅಲ್ಲ ಸಾರ್. ಇದಕ್ಕೆ ಕೈಯೇ ಹಾಕಿಲ್ಲ" ಅಂದರು.

ಹಳೇ ಗ್ಯಾರೇಜಿಗೆ ಹೋದೆ. "ನಾವು ಹೊಸದೇ ಹಾಕಿದ್ದು, ನೀವು ಬೇರೆ ಕಡೆ ಬಿಚ್ಚಿಸಿದ್ದೀರಿ" ಅಂದರು. ತೋರಿಸಲು ನನ್ನ ಹತ್ತಿರ ಆ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ಅವತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ. ದುಡ್ಡಿಗಿಂತ ಜಾಸ್ತಿ, ಮಕ್ಕಳನ್ನು ಕೂರಿಸಿಕೊಂಡು ಹಾಗೆ ಓಡಾಡಿದೆನಲ್ಲ ಅಂತ.

ಅವತ್ತಿನಿಂದ ಕಾರು ಬಿಡುವಾಗಲೇ ಎರಡು ಮಾತು ಹೇಳುತ್ತೇನೆ. ಹಳೇ ಪಾರ್ಟ್ ಎಲ್ಲ ನನಗೆ ವಾಪಸ್ ಬೇಕು, ಹೊಸದರ ಡಬ್ಬಿಯೂ ಬೇಕು. ಏನು ಕೆಲಸ, ಎಷ್ಟು ಖರ್ಚು ಅಂತ ಬರೆದ ಜಾಬ್ ಕಾರ್ಡ್ ಕೊಡದ ಗ್ಯಾರೇಜ್ ಆದರೆ ಅಲ್ಲೇ ನಿಂತು ವಾಟ್ಸ್‌ಆಪ್ ಕಳಿಸುತ್ತೇನೆ: "ಅಣ್ಣಾ, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಕೂಲಿ ಸೇರಿ ಇಷ್ಟು ಅಂದಿರಿ. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಮೊದಲು ಫೋನ್ ಮಾಡಿ." ಅವರು 'ಸರಿ' ಅಂದರೆ ಸಾಕು, ಅದೇ ನಿಮ್ಮ ಎಸ್ಟಿಮೇಟ್. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಟ್ಟದ ಕೆಳಗಿನ ಆ ಹಿರಿಯರು ಈಗ ನಾನು ಕೇಳುವ ಮೊದಲೇ ಹಳೇ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿರುತ್ತಾರೆ.

ಈಗ ನಿಮ್ಮ ಕಾರಿನ ವಿಷಯ. ಗೇರ್‌ಬಾಕ್ಸ್ ಇಳಿಸಿದ ಮೇಲೆ, ಕ್ಲಚ್ ಒತ್ತಿಕೊಂಡು ಕೂರುವ ಇಂಜಿನ್ ಚಕ್ರ, ಅಂದರೆ ಫ್ಲೈವೀಲ್ ಕೂಡ ಹೋಗಿದೆ ಅಂತ ಗೊತ್ತಾಗುವುದುಂಟು. ಹಾಗಾಗಿ 19,000 ಅಂದ ಕೂಡಲೇ ಮೋಸ ಅಂತ ತೀರ್ಮಾನ ಮಾಡಬೇಡಿ. ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬಿಲ್ ಕೇಳಿ, ಹಳೇ ಪಾರ್ಟ್ ನೋಡಿ. ಕೀ ಕಿತ್ತುಕೊಳ್ಳಲು ಜಗಳಕ್ಕೆ ಮಾತ್ರ ಹೋಗಬೇಡಿ. 1872ರ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಮಾಡಿದ ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಇದೆ. ಮಾತುಕತೆಗೆ ಬಗ್ಗದಿದ್ದರೆ ಯುಪಿಐನಲ್ಲಿ ದುಡ್ಡು ಕಟ್ಟಿ, ಬಿಲ್ ಮೇಲೆ "ತಕರಾರು ಇಟ್ಟುಕೊಂಡೇ ಹಣ ಕೊಟ್ಟಿದ್ದೇನೆ" ಅಂತ ಬರೆದು ಫೋಟೋ ತೆಗೆದುಕೊಳ್ಳಿ, ಕಾರು ಬಿಡಿಸಿಕೊಳ್ಳಿ. ಆಮೇಲೆ ದೂರು.

ದೂರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಬಿಲ್ ಕೊಡದಿರುವುದನ್ನೂ ಅದು ಅನುಚಿತ ವ್ಯಾಪಾರ ಅಂತಲೇ ಎಣಿಸುತ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕಂಪನಿಯ ಸರ್ವಿಸ್ ಸೆಂಟರ್ ಆದರೆ ಅಲ್ಲೇ ಬಗೆಹರಿಯಬಹುದು. ಬೀದಿಯ ಗ್ಯಾರೇಜ್ ಆದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕಾಗುತ್ತದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. 2 ವರ್ಷದೊಳಗೆ ದೂರು ಕೊಟ್ಟಿರಬೇಕು, ಅಷ್ಟೇ.

ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಕಾರು ರಿಪೇರಿಗೆಂದೇ ಸರ್ಕಾರದ ಇಲಾಖೆ ಇದೆ, 1971ರ ಕಾನೂನಿನಿಂದ ಬಂದದ್ದು. ಗ್ಯಾರೇಜ್ ಅಲ್ಲಿ ನೋಂದಣಿ ಆಗಿರಬೇಕು, ಎಸ್ಟಿಮೇಟ್ ಬರೆದು ಕೊಡಬೇಕು, ನಿಮ್ಮ ಒಪ್ಪಿಗೆ ಇಲ್ಲದೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮೊದಲೇ ಕೇಳಿದ್ದರೆ ಹಳೇ ಪಾರ್ಟ್ ವಾಪಸ್ ಕೊಡಬೇಕು. ನಾನು ವಾಟ್ಸ್‌ಆಪ್‌ನಲ್ಲಿ ಬೇಡಿಕೊಳ್ಳುವುದು ಅಲ್ಲಿ ಕಾನೂನು. ನಮಗೂ ಇಂಥದ್ದು ಬೇಕೇ ಬೇಕು. ಆದರೆ ಹತ್ತನೇ ವಯಸ್ಸಿಗೇ ಸ್ಪ್ಯಾನರ್ ಹಿಡಿದು ಕಲಿತವರನ್ನು ಹೊರಗೆ ಹಾಕುವ ಹಾಗೆ ಅಲ್ಲ. ಕೈಯಲ್ಲಿ ಕಲಿತ ವಿದ್ಯೆಯನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ್ಯ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನೇ ಲೈಸೆನ್ಸಿಗೆ ದಾರಿ ಮಾಡಬಹುದು ಅಂತ ನನ್ನ ಅಭಿಪ್ರಾಯ.

ಇನ್ನು ವೈರಿಂಗ್. ಇಲ್ಲಿ ಲೈಸೆನ್ಸ್ ಇದೆ, ದಯವಿಟ್ಟು ಬಿಡಬೇಡಿ. ಬಲ್ಬು, ಫ್ಯಾನು, ಸ್ವಿಚ್ಚು ಬದಲಾಯಿಸುವುದಕ್ಕೆ ಬೇಕಿಲ್ಲ. ಹೊಸ ವೈರಿಂಗ್ ಆದರೆ ಪರವಾನಗಿ ಇರುವ ಗುತ್ತಿಗೆದಾರರೇ ಮಾಡಿಸಬೇಕು, ಕೆಲಸ ಮಾಡುವವರ ಹತ್ತಿರ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಆದರೆ ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಆಗುವುದುಂಟು. ನಮ್ಮ ಅತ್ತಿಗೆ ಮನೆಯಲ್ಲಿ ಹಾಗೇ ಆಯಿತು. ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತಿತ್ತು. ಗೀಸರಿನ ಸಾಕೆಟ್ ಹೊರಗಿನಿಂದ ಚೊಕ್ಕವಾಗಿತ್ತು. ಪರ್ಮಿಟ್ ಇದ್ದ ವೈರ್‌ಮನ್ ಬಂದು ಬಿಚ್ಚಿದರೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಅರ್ಥ್ ವೈರ್ ಕತ್ತರಿಸಿ, ಟೇಪ್ ಸುತ್ತಿ, ಒಳಗೆ ಮಡಚಿ ಇಟ್ಟಿದ್ದರು. ಅರ್ಥ್ ಪಿನ್ನಿಗೆ ಏನೂ ಸೇರಿಸಿಯೇ ಇರಲಿಲ್ಲ.

ಅದಕ್ಕೇ, ಬಿಲ್‌ನಲ್ಲಿ ಗುತ್ತಿಗೆದಾರರ ಲೈಸೆನ್ಸ್ ನಂಬರ್ ಬರೆಸಿಕೊಳ್ಳಿ. ಮನೆಗೆ ಬರುವ ಹುಡುಗರ ಪರ್ಮಿಟ್ ಕೇಳಿ ನೋಡಿ. ಗೋಡೆಯಲ್ಲಿ ಪೈಪ್ ಮುಚ್ಚಿ ಗಾರೆ ಮಾಡುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕುವ ದಿನ ಅಂಗಡಿಗೆ, ಆಫೀಸಿಗೆ ಅಂತ ಹೋಗಬೇಡಿ. ಮುಚ್ಚುವವರೆಗೂ ಅಲ್ಲೇ ನಿಂತಿರಿ.