ಬಡಾವಣೆಯಲ್ಲಿ ಸಂಘ ಕಟ್ಟಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮದು ಮೈಸೂರಿನ ಹೊರವಲಯದ ಖಾಸಗಿ ಬಡಾವಣೆ. ಮನೆಗಳು ಈಗೀಗ ತುಂಬುತ್ತಿವೆ. ಬೀದಿದೀಪ ಉರಿಯುವುದಿಲ್ಲ, ಕಸದ ಗಾಡಿ ಬರುವುದಿಲ್ಲ. ಕ್ಷೇಮಾಭಿವೃದ್ಧಿ ಸಂಘ ಮಾಡೋಣ ಎಂದರೆ, "ಗಣಪತಿ ಕೂರಿಸೋದು, ರಾಜ್ಯೋತ್ಸವ ಮಾಡೋದು ಬಿಟ್ಟು ಸಂಘದಿಂದ ಏನಾಗುತ್ತೆ?" ಎಂದು ಕೆಲವರು ಕೇಳುತ್ತಾರೆ. ನಿಮ್ಮ ಅನುಭವವೇನು?

ಮಾಜಿ ಕಾರ್ಯದರ್ಶಿ, ಮೈಸೂರು:
ಖಂಡಿತ ಮಾಡಿ. ಆದರೆ ಮೊದಲು ಒಂದು ವಿಷಯ ವಿಚಾರಿಸಿ. ನಿಮ್ಮ ಬಡಾವಣೆ ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಆಗಿದೆಯಾ? ಆಗದಿದ್ದರೆ ಎಲ್ಲಿಗೆ ಹೋದರೂ "ಅದು ನಮಗೆ ಬರಲ್ಲ" ಎನ್ನುತ್ತಾರೆ. ಲೇಔಟ್ ಮಾಡಿದವರು ಸೈಟು ಮಾರಿ ಆಗಿರುತ್ತದೆ, ಫೋನ್ ಎತ್ತುವುದಿಲ್ಲ. ಒಬ್ಬೊಬ್ಬರೇ ಹೋದರೆ ಸುಮ್ನೆ ಮೇಜಿಂದ ಮೇಜಿಗೆ ಅಲೆಸುತ್ತಾರೆ. ಸಂಘದ ಲೆಟರ್‌ಹೆಡ್‌ನಲ್ಲಿ ಮನವಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬರಲು ಶುರು ಮಾಡಿದ ಮೇಲೆಯೇ ನಮ್ಮ ಫೈಲು ಅಲ್ಲಾಡಿದ್ದು.

ಬೀದಿದೀಪಕ್ಕೆ 1912ಕ್ಕೆ ಫೋನ್ ಮಾಡಿ ಕಾಯುವವರು ಬಹಳ ಜನ. ಮನೆಯ ಕರೆಂಟ್ ಹೋದರೆ ಆ ನಂಬರ್ ಸರಿ. ಬೀದಿದೀಪ ನೋಡಿಕೊಳ್ಳಬೇಕಾದ್ದು ಸ್ಥಳೀಯ ಸಂಸ್ಥೆ. ನಾವು ಒಂದು ನೋಟ್‌ಬುಕ್ ಇಟ್ಟಿದ್ದೆವು. ಕಂಬದ ನಂಬರ್, ಕೆಟ್ಟ ದಿನ, ದೂರಿನ ನಂಬರ್, ಯಾರ ಹತ್ತಿರ ಮಾತಾಡಿದ್ದು, ಎಲ್ಲ ಅದರಲ್ಲಿ. "ನಮ್ಮ ರೋಡಲ್ಲಿ ಕತ್ತಲೆ" ಎಂದರೆ ಯಾರೂ ಬರುವುದಿಲ್ಲ, ಕಂಬದ ನಂಬರ್ ಹೇಳಿದರೆ ಲೈನ್‌ಮ್ಯಾನ್ ನೇರ ಅಲ್ಲಿಗೇ ಬರುತ್ತಾರೆ.

ಇನ್ನೊಂದು, ಮಂಜೂರಾದ ಬಡಾವಣೆ ನಕ್ಷೆ ತೆಗೆಸಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಸಂಘದ ಹೆಸರಲ್ಲಿ ಹಾಕಬೇಡಿ, ಸದಸ್ಯರೊಬ್ಬರ ಸ್ವಂತ ಹೆಸರಲ್ಲಿ ಹಾಕಿ. ಆ ಹಕ್ಕು ಇರುವುದು ನಾಗರಿಕರಿಗೆ, ಸಂಘ ಎಂದು ಬರೆದರೆ ವಾಪಸ್ ಕಳಿಸಲು ಅದೇ ನೆಪವಾಗುತ್ತದೆ. ನಾವು ನಕ್ಷೆ ಹಿಡಿದು, ಟೇಪು ಎಳೆದು ಅಳೆದೆವು. ಜಲ್ಲಿ, ಮರಳು ಸುರಿದು ಯಾರೋ ತಂತಿ ಬೇಲಿ ಹಾಕಿದ್ದ ಮೂಲೆ ನಕ್ಷೆಯಲ್ಲಿ ಪಾರ್ಕಿನ ಜಾಗ! ಪಾರ್ಕು, ಆಟದ ಮೈದಾನ ಉಳಿಸಲು 1985ರದ್ದೇ ಒಂದು ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಅದನ್ನು ಹೆಸರಿಸಿ, ನಕ್ಷೆ ಲಗತ್ತಿಸಿ ಬರೆದೆವು. ಬೇಲಿ ಹೋಯಿತು. ಈಗ ಅಲ್ಲಿ ಮಕ್ಕಳು ಆಡುತ್ತಾರೆ. ಮನೆಗಳು ತುಂಬುವ ಮೊದಲೇ ಇದನ್ನು ಮಾಡಿ, ಆಮೇಲೆ ಕಷ್ಟ.

ಕಸವನ್ನು ನಾವೇ ದುಡ್ಡು ಹಾಕಿ ಎತ್ತಿಸೋಣ ಎಂಬ ಸಲಹೆ ಬರುತ್ತದೆ. ತುರ್ತಿಗೆ ಸರಿ. ಅದೇ ಅಭ್ಯಾಸ ಮಾಡಿಕೊಂಡರೆ ತೆರಿಗೆಯನ್ನೂ ಕಟ್ಟಿ, ಕೆಲಸವನ್ನೂ ನಾವೇ ಮಾಡಿದ ಹಾಗೆ. ಅವರ ಕೆಲಸವನ್ನು ಅವರಿಂದಲೇ ಮಾಡಿಸುವುದು ಸಂಘದ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಖಜಾಂಚಿ, ಬೆಂಗಳೂರು:
ಮೇಲಿನವರು ಹೇಳಿದ್ದು ಸರಿ. ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ. ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ನೋಂದಣಿ ಆಗುತ್ತದೆ. ಸಹಕಾರ ಇಲಾಖೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಇರುತ್ತಾರೆ. ನೋಂದಣಿ ಆದ ಮೇಲೆ ವರ್ಷ ವರ್ಷ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ ಸಲ್ಲಿಸುವುದು, ಇವನ್ನು ಮರೆಯುವ ಸಂಘಗಳೇ ಜಾಸ್ತಿ. ಚೆಕ್‌ಗೆ ಇಬ್ಬರ ಸಹಿ ಇರಲಿ. ನೂರು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ. ಗಣಪತಿಯ ಚಂದಾ ಬೇರೆ, ಸಂಘದ ವಂತಿಗೆ ಬೇರೆ. ಎರಡನ್ನೂ ಕಲಸಿದರೆ ಜಗಳ ಗ್ಯಾರಂಟಿ. ನಿಮ್ಮಲ್ಲಿ ಫ್ಲ್ಯಾಟ್‌ಗಳಿದ್ದರೆ ಅವುಗಳಿಗೆ 1972ರ ಅಪಾರ್ಟ್‌ಮೆಂಟ್ ಕಾಯ್ದೆ ಬೇರೆ ಇದೆ, ಅದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಬಾಡಿಗೆ ಮನೆಯವರು, ಹುಬ್ಬಳ್ಳಿ:
ನನ್ನದು ಒಂದೇ ಮಾತು. ಬಾಡಿಗೆಗೆ ಇರುವವರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ. ನಮ್ಮ ಓಣಿಯಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಕಾದು ಕೂರುವವರು ನಾವೇ, ಸಭೆಗೆ ಕರೆಯುವುದು ಮಾತ್ರ ಬೇರೆ ಊರಲ್ಲಿರುವ ಮಾಲೀಕರನ್ನು! ಮದುವೆಯಾಗದ ಹುಡುಗರಿಗೆ ಮನೆ ಕೊಡಬೇಡಿ, ಕೆಲಸದವರು ಪಾರ್ಕಲ್ಲಿ ಕೂರಬಾರದು ಎಂಬ ನಿಯಮಗಳನ್ನು ಮಾಡಲು ಸಂಘಕ್ಕೆ ಬಿಡಬೇಡಿ. ಬೈಲಾ ಬರೆಯುವ ದಿನವೇ ಈ ಮಾತು ಎತ್ತಿ. ಒಮ್ಮೆ ನೋಂದಣಿ ಆದ ಮೇಲೆ ತಿದ್ದುಪಡಿಗೆ ಮತ್ತೆ ಸಭೆ ಕರೆಯಬೇಕು, ಆಗ ಯಾರೂ ಬರುವುದಿಲ್ಲ.