ಅಮೆರಿಕದ ಕ್ಲೈಂಟ್ ಪಿಐ ಪಾಲಿಸಿ ಕೇಳಿದ್ದಾರೆ: ಭಾರತದ ಪಾಲಿಸಿ ಸಾಕಾಗುತ್ತದೆಯೇ?

ಪ್ರಶ್ನೆ:
ಬೆಂಗಳೂರಿನಿಂದ ಫ್ರೀಲಾನ್ಸ್ ಆಗಿ ಸಾಫ್ಟ್‌ವೇರ್ ಕೆಲಸ. ಕಂಪನಿ ಇಲ್ಲ, ಒಬ್ಬನೇ. ಟೆಕ್ಸಾಸ್‌ನ ಕ್ಲೈಂಟ್ ಕರಾರಿನಲ್ಲಿ ಪ್ರತಿ ಕ್ಲೇಮಿಗೆ 10 ಲಕ್ಷ ಡಾಲರ್‌ನ ಪ್ರೊಫೆಷನಲ್ ಇಂಡೆಮ್ನಿಟಿ (ಪಿಐ, ನಮ್ಮ ಕೆಲಸದ ತಪ್ಪಿನಿಂದ ಕ್ಲೈಂಟಿಗೆ ಆದ ನಷ್ಟ ಭರಿಸುವ ವಿಮೆ) ಬೇಕು, ಕೆಲಸ ಮುಗಿದ ಮೇಲೂ 2 ವರ್ಷ ಇರಬೇಕು ಎಂದಿದೆ. ಏಜೆಂಟ್ ಕೊಟ್ಟ ಕೊಟೇಶನ್: ವರ್ಷದ ಮಿತಿ 1 ಕೋಟಿ ರೂಪಾಯಿ, ಎಒಎ:ಎಒವೈ (ಒಂದು ಘಟನೆಯ ಮಿತಿ ಮತ್ತು ಇಡೀ ವರ್ಷದ ಮಿತಿಯ ಅನುಪಾತ) 1:2, ಟೆರಿಟರಿ ವಿಶ್ವಾದ್ಯಂತ, ಜ್ಯೂರಿಸ್‌ಡಿಕ್ಷನ್ ಭಾರತ. ಇದು ನಡೆಯುತ್ತದೆಯೇ?

ಉತ್ತರ 1:
ನಡೆಯುವುದಿಲ್ಲ ಸರ್. ಎಲ್ಲರೂ ಎಡವುವುದು ನಿಮ್ಮ ಕೊನೆಯ ಸಾಲಿನಲ್ಲೇ. ಟೆರಿಟರಿ ಎಂದರೆ ಕೆಲಸ ಎಲ್ಲಿಯದು ಎಂಬುದು. ಜ್ಯೂರಿಸ್‌ಡಿಕ್ಷನ್ ಎಂದರೆ ಯಾವ ದೇಶದ ಕೋರ್ಟಿನಲ್ಲಿ ದಾವೆ ಹೂಡಿದರೆ ಪಾಲಿಸಿ ಕಾಪಾಡುತ್ತದೆ ಎಂಬುದು. ಕ್ಲೈಂಟ್ ಟೆಕ್ಸಾಸ್‌ನಲ್ಲಿ ಕೇಸು ಹಾಕಿದರೆ ಈ ಪಾಲಿಸಿಯಿಂದ ನಯಾಪೈಸೆ ಬರುವುದಿಲ್ಲ. 'ಅಮೆರಿಕ ಮತ್ತು ಕೆನಡಾ ಸೇರಿ' ಎಂದು ಬರೆದಿರಲೇಬೇಕು. ಪ್ರೀಮಿಯಂ ಹೆಚ್ಚುವುದು ಇದಕ್ಕೇ, ಮೇಲೆ 18% ಜಿಎಸ್‌ಟಿ ಬೇರೆ.

1:2 ಅನ್ನೂ ಗಮನಿಸಿ. ವರ್ಷದ ಮಿತಿ 1 ಕೋಟಿ ಆದರೆ ಒಂದು ಕ್ಲೇಮಿಗೆ ಸಿಗುವುದು 50 ಲಕ್ಷ. ವಕೀಲರ ಫೀಜೂ ಸಾಮಾನ್ಯವಾಗಿ ಅದರೊಳಗೇ ಕಳೆಯುತ್ತದೆ. ಅವರು ಕೇಳಿರುವುದು 8 ಕೋಟಿಗೂ ಮೇಲೆ. ಪಾಲಿಸಿ ಹುಡುಕುವ ಮೊದಲು ಕರಾರನ್ನು ಚೌಕಾಸಿ ಮಾಡಿ: ನಿಮ್ಮ ಹೊಣೆ ಹಿಂದಿನ 12 ತಿಂಗಳ ಫೀಜಿಗೆ ಸೀಮಿತ ಎಂದು ಬರೆಸಿ, ವಿಮೆಯ ಮೊತ್ತವನ್ನು ಅದಕ್ಕೆ ತಕ್ಕಂತೆ ಇಳಿಸಲು ಕೇಳಿ.

ಉತ್ತರ 2:
2 ವರ್ಷದ ಷರತ್ತಿನ ಬಗ್ಗೆ. ಪಿಐ 'ಕ್ಲೇಮ್ಸ್ ಮೇಡ್' ಪಾಲಿಸಿ. ತಪ್ಪು ಯಾವಾಗ ಆಯಿತು ಎನ್ನುವುದಷ್ಟೇ ಸಾಲದು, ಕ್ಲೇಮ್ ಬಂದ ದಿನ ಪಾಲಿಸಿ ಜಾರಿಯಲ್ಲಿರಬೇಕು, ತಪ್ಪು ನಡೆದದ್ದು ರಿಟ್ರೋಆಕ್ಟಿವ್ ಡೇಟ್‌ನ (ಯಾವ ದಿನದಿಂದಾಚೆಗಿನ ಕೆಲಸಕ್ಕೆ ರಕ್ಷಣೆ ಇದೆಯೋ ಆ ದಿನ) ನಂತರ ಆಗಿರಬೇಕು. ಹೊಸ ಪಾಲಿಸಿಗೆ ಸಾಮಾನ್ಯವಾಗಿ ಶುರುವಾದ ದಿನವೇ ರಿಟ್ರೋ ಡೇಟ್. ಹಾಗಾಗಿ ಮೊದಲ ಸಾಲು ಕೋಡ್ ಬರೆಯುವ ಮುಂಚೆಯೇ ಪಾಲಿಸಿ ಕೈಯಲ್ಲಿರಲಿ. ಕೆಲಸ ಮುಗಿದ ಮೇಲೂ 2 ವರ್ಷ ನವೀಕರಿಸುತ್ತಿರಿ, ಇಲ್ಲವೇ ಎಕ್ಸ್‌ಟೆಂಡೆಡ್ ರಿಪೋರ್ಟಿಂಗ್ ಪೀರಿಯಡ್ (ಪಾಲಿಸಿ ಮುಗಿದ ಮೇಲೂ ಕ್ಲೇಮ್ ತಿಳಿಸಲು ಸಿಗುವ ಹೆಚ್ಚುವರಿ ಅವಧಿ) ಕೊಳ್ಳಿ. ನವೀಕರಣ ತಪ್ಪಿದರೆ, ಅಥವಾ ಬೇರೆ ವಿಮಾ ಕಂಪನಿಗೆ ಹೋಗುವಾಗ ಹಳೆಯ ರಿಟ್ರೋ ಡೇಟ್ ಬರೆಸದಿದ್ದರೆ, ಹಿಂದಿನ ಕೆಲಸವೆಲ್ಲ ರಕ್ಷಣೆಯಿಲ್ಲದೆ ಉಳಿಯುತ್ತದೆ. ಕಟ್ಟಿದ ಪ್ರೀಮಿಯಂ ನೀರಲ್ಲಿ ಹೋಮ ಮಾಡಿದ ಹಾಗೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ತಮ್ಮನ್ನು 'ಅಡಿಷನಲ್ ಇನ್ಶೂರ್ಡ್' (ಅದೇ ಪಾಲಿಸಿಯ ರಕ್ಷಣೆ ಪಡೆಯುವ ಇನ್ನೊಬ್ಬರು) ಆಗಿ ಸೇರಿಸಬೇಕೆಂದೂ ಕ್ಲೈಂಟ್ ಕೇಳಿದ್ದಾರೆ. ತಡವಾದರೆ ವಾರಕ್ಕೆ ಇಷ್ಟು ಎಂದು ದಂಡವೂ ಇದೆ. ಅದನ್ನು ವಿಮೆ ಕೊಡುತ್ತದೆಯೇ?

ಉತ್ತರ 3:
ದಂಡ ಕೊಡುವುದಿಲ್ಲ. ನೀವಾಗಿ ಕರಾರಿನಲ್ಲಿ ಒಪ್ಪಿಕೊಂಡ ದಂಡ, ಗ್ಯಾರಂಟಿ, ಫೀಜು ವಾಪಸಾತಿ ಇವೆಲ್ಲ ಸಾಮಾನ್ಯವಾಗಿ ಪಾಲಿಸಿಯ ಹೊರಗೆ. ಆ ಷರತ್ತನ್ನು ಕರಾರಿನಿಂದಲೇ ತೆಗೆಸಿ.

ಕ್ಲೈಂಟನ್ನು ಪಿಐ ಪಾಲಿಸಿಗೆ ಸೇರಿಸಬೇಡಿ. ಒಂದೇ ಪಾಲಿಸಿಯ ರಕ್ಷಣೆಯಲ್ಲಿರುವ ಒಬ್ಬರು ಇನ್ನೊಬ್ಬರ ಮೇಲೆ ಹಾಕಿದ ಕ್ಲೇಮ್ ಸಲ್ಲದು ಎಂಬ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿದೆ. ಸೇರಿಸಿದರೆ ಕ್ಲೈಂಟ್ ನಿಮ್ಮ ಮೇಲೆ ಹಾಕುವ ಕ್ಲೇಮಿಗೇ ಪಾಲಿಸಿಯ ರಕ್ಷಣೆ ಸಿಗದೆ ಹೋಗಬಹುದು. ಇದನ್ನು ಅವರಿಗೆ ವಿವರಿಸಿ, ಇನ್ಶೂರೆನ್ಸ್ ಸರ್ಟಿಫಿಕೇಟ್ ಮಾತ್ರ ಕೊಡಿ.

ಪ್ರಪೋಸಲ್ ಫಾರ್ಮ್‌ನಲ್ಲಿ ಅಮೆರಿಕದ ಆದಾಯ ಎಷ್ಟು ಪಾಲು, ಕೆಲಸವನ್ನು ಬೇರೆಯವರಿಗೆ ಹಂಚುತ್ತೀರಾ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಮುಂದೆ ಕ್ಲೈಂಟಿನಿಂದ ದೂರಿನ ಇಮೇಲ್ ಬಂದರೆ ತಕ್ಷಣ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅವರ ಒಪ್ಪಿಗೆಯಿಲ್ಲದೆ 'ತಪ್ಪು ನನ್ನದೇ, ನಷ್ಟ ಭರಿಸುತ್ತೇನೆ' ಎಂದು ಮಾತ್ರ ಉತ್ತರಿಸಬೇಡಿ, ಅದೊಂದೇ ಸಾಲಿನ ಮೇಲೆ ಕ್ಲೇಮ್ ತಿರಸ್ಕರಿಸಬಹುದು.