ಪದಚರ್ಚೆ: 'ಜೀವನೋಪಾಯ ಭದ್ರತೆ'ಗೆ ಕೃಷಿಕರ ಬಾಯಲ್ಲಿ ಯಾವ ಮಾತಿದೆ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರಿಗಾಗಿ ಒಂದು ಪ್ರಶ್ನಾವಳಿ ತಯಾರಾಗುತ್ತಿದೆ. ಹವಾಮಾನ ಬದಲಾಗಿ ತಮ್ಮ ಬದುಕಿಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಅವರಿಗೆ ಅನಿಸುತ್ತದೋ ಅದನ್ನು ಅಳೆಯಬೇಕು. ಕನ್ನಡ ನೋಡಿಕೊಡುವ ಕೆಲಸ ನನ್ನದು. ಕರಡಿನಲ್ಲಿ ಹೀಗಿದೆ: 'ಹವಾಮಾನ ವೈಪರೀತ್ಯದಿಂದ ನನ್ನ ಜೀವನೋಪಾಯ ಭದ್ರತೆ ಕುಂಠಿತಗೊಂಡಿದೆ.' ಉತ್ತರ 'ಸಂಪೂರ್ಣ ಒಪ್ಪುತ್ತೇನೆ'ಯಿಂದ ಹಿಡಿದು ಐದು ಮೆಟ್ಟಿಲು, ನಡುವೆ 'ತಟಸ್ಥ'.

ಹವಾಮಾನದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಇವತ್ತಿನ ಮಳೆ ಬಿಸಿಲಿಗೆ ಹವಾಮಾನ, 30 ವರ್ಷದ ಸರಾಸರಿಗೆ ಹವಾಗುಣ ಅಂತ ಬೇರೆ ಮಾಡಬಹುದು. ಆದರೆ ಪತ್ರಿಕೆಗಳಲ್ಲಿ ಎರಡೂ ಹವಾಮಾನವೇ. ನಮ್ಮಲ್ಲಿ ಕಿವಿಗೆ ಬೀಳುವ ಮಲಯಾಳದ 'ಕಾಲಾವಸ್ಥೆ'ಯೂ ಎರಡಕ್ಕೂ ಸಲ್ಲುತ್ತದೆ. 'ಮಳೆ ಮೊದಲಿನ ಹಾಗೆ ಬರ್ತದಾ? ಸುರಂಗದ ನೀರು ಬೇಗ ಬತ್ತುತ್ತದಾ?' ಎಂದು ಕೇಳಿದರೆ ಸಾಕು. (ಸುರಂಗ ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು.)

ಜಾಸ್ತಿ ಕಷ್ಟ 'ಭದ್ರತೆ'ಯದು. ಸಂಶೋಧನೆಯವರು ಇದರೊಳಗೆ ಊಟ, ಆದಾಯ, ಆರೋಗ್ಯ, ಮಕ್ಕಳ ಓದು ಎಲ್ಲ ಸೇರಿಸುತ್ತಾರೆ. ಕೃಷಿಕರು ಹೇಳುವುದೇ ಬೇರೆ: 'ಮದ್ದು ಬಿಡ್ಲಿಕ್ಕೆ ಮಳೆ ನಿಲ್ಬೇಕಲ್ಲ ಮಾರಾಯ್ರೆ!' ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಡಬೇಕು. ಆ ಹೊತ್ತಿಗೆ ಮಳೆ ಎಡೆಬಿಡದೆ ಹೊಯ್ದರೆ, ಇಲ್ಲವೇ ಮರ ಹತ್ತುವವರು ಸಿಗದಿದ್ದರೆ, ಎಳೆ ಅಡಿಕೆ ಕೊಳೆತು ಬುಡಕ್ಕೆ ಉದುರುತ್ತದೆ. ಆ ವರ್ಷ ಸೊಸೈಟಿ ಸಾಲದ ಕಂತು ತಪ್ಪುತ್ತದೆ, ಮಗಳ ಕಾಲೇಜು ಫೀಸಿಗೆ ಚಿನ್ನ ಅಡವಿಡಬೇಕಾಗುತ್ತದೆ. ಭದ್ರತೆ ಹೋಯಿತು ಅಂದರೆ ಇದೇ ಅಲ್ವಾ?

'ಹೊಟ್ಟೆಪಾಡು' ಅಂತ ಹಾಕಲು ಮನಸ್ಸಿಲ್ಲ, ಅದರಲ್ಲಿ ಗತಿಯಿಲ್ಲದವರ ವಾಸನೆಯಿದೆ. 'ತೋಟದ ಹುಟ್ಟುವಳಿಯಲ್ಲಿ ಮನೆ ಖರ್ಚು ಸುಧಾರಿಸ್ತದಾ?' ಎಂಬುದು ನನಗೆ ಸರಿ ಕಾಣುತ್ತದೆ.

ಇನ್ನು ಆ ಮೆಟ್ಟಿಲುಗಳು. ಮನೆಗೆ ಬಂದವರ ಮುಖ ನೋಡಿ 'ಒಪ್ಪುವುದಿಲ್ಲ' ಅನ್ನಲು ನಮ್ಮವರಿಗೆ ಸಂಕೋಚ. ಎಲ್ಲದಕ್ಕೂ ಹೌದು ಅಂದುಬಿಡುತ್ತಾರೆ. ಆಮೇಲೆ ಅಳತೆ ಎಲ್ಲಿಂದ ಬರಬೇಕು? ಅದಕ್ಕೆ 'ಪ್ರತಿ ವರ್ಷ, ಹೆಚ್ಚಿನ ವರ್ಷ, ಕೆಲವು ವರ್ಷ, ಅಪರೂಪಕ್ಕೆ, ಇಲ್ಲವೇ ಇಲ್ಲ' ಎಂದು ಬದಲಿಸಲು ಯೋಚಿಸಿದ್ದೇನೆ. 'ಗೊತ್ತಿಲ್ಲ' ಎಂಬುದಕ್ಕೆ ಬೇರೆ ಜಾಗ ಕೊಡಬೇಕು, 'ತಟಸ್ಥ'ದೊಳಗೆ ತುರುಕಬಾರದು.

ಪುತ್ತೂರು, ಸುಳ್ಯ ಕಡೆಯ ಅಡಿಕೆ ಬೆಳೆಗಾರರು 'ಈ ವರ್ಷ ತೊಂದರೆಯಿಲ್ಲ, ದಾಟಿಕೊಳ್ತೇವೆ' ಎನ್ನುವುದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ? ತುಳುವಿನದ್ದೋ ಹವ್ಯಕರದ್ದೋ ಮಾತಾದರೂ ಆದೀತು. ತಿಳಿದವರು ದಯವಿಟ್ಟು ಬರೆಯಿರಿ.